ಡ್ರಮ್ಮಿನ ತೂತು

ಪಾವಗಡದ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಸೇರಿದಾಗ ನನಗೆ ನನ್ನ ಸರ್ಟಿಫಿಕೇಟಿನ ಮೇಲೆ ವಿಪರೀತ ಗೌರವವಿತ್ತು. ಅಲ್ಲಿನ ಆಯಾಳ ಹತ್ತಿರ ಅಂಥದ್ದೇನೂ ಇರಲಿಲ್ಲ. ಹೆರಿಗೆಯ ಕತ್ತರಿ, ಚಿಮಟ, ಬಟ್ಟೆಗಳನ್ನು ಉಗಿಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವನ್ನು ಮಾತ್ರ ಇಪ್ಪತ್ತು ವರ್ಷದಿಂದ ಅವಳೇ ನೋಡಿಕೊಂಡಿದ್ದಳು.

ಆಟೋಕ್ಲೇವ್ ಅಂದರೆ ಮಹಾ ಏನಲ್ಲ, ಅಡುಗೆಮನೆಯ ಕುಕ್ಕರಿಗೆ ದೊಡ್ಡಣ್ಣ. ಸಾಮಾನನ್ನು ಸ್ಟೀಲ್ ಡ್ರಮ್ಮಿಗೆ ತುಂಬಿ ಅದರೊಳಗೆ ಇಡುತ್ತೇವೆ. ಡ್ರಮ್ಮಿನ ಸುತ್ತ ತೂತುಗಳು, ಅವುಗಳ ಮೇಲೆ ಜಾರುವ ಒಂದು ಪಟ್ಟಿ. ಉಗಿ ಒಳಗೆ ಹೋಗಲೆಂದು ಇಡುವಾಗ ಪಟ್ಟಿ ಸರಿಸಿ ತೂತು ತೆರೆಯಬೇಕು, ತೆಗೆದ ಕೂಡಲೇ ಮುಚ್ಚಬೇಕು. ಹೊರಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಡ್ರಮ್ಮಿಗೆ ಬಿಸಿ ತಾಗಿದೆ ಎಂದರ್ಥ, ಅಷ್ಟೇ. ಉಗಿ ಒಳಗೆ ಮುಟ್ಟಿತೋ ಇಲ್ಲವೋ ಹೇಳುವುದು ಬಟ್ಟೆಯ ನಡುವೆ ಇಟ್ಟ, ಉಗಿ ತಾಗಿದರೆ ಬಣ್ಣ ಬದಲಿಸುವ ಕಾಗದದ ಚೀಟಿ. ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಒಳ್ಳೆಯ ಅಂಕ ತೆಗೆದವಳು ನಾನು.

ಒಂದು ಮಧ್ಯಾಹ್ನ ಆಯಾ ಊಟಕ್ಕೆ ಹೋಗಿದ್ದಳು. ಅವಳಿಗೆ ಕಾದರೆ ಮನೆಗೆ ಹೋಗುವ ಮಧುಗಿರಿಯ ಬಸ್ಸು ತಪ್ಪೀತೆಂದು ಡ್ರಮ್ಮನ್ನು ನಾನೇ ಇಟ್ಟೆ. ಅವಳು ಬಂದವಳೇ ಬಾಗಿಲಲ್ಲಿ ನಿಂತು ಕೇಳಿದಳು.

"ತೂತು ತೆಗ್ದ್ರಾ ಸಿಸ್ಟರ್?"

"ನಂಗೇ ಹೇಳ್ಕೊಡೋಕೆ ಬರ್ಬೇಡ."

ಅವಳು ಬಾಗಿಲಿಂದಲೇ ವಾಪಸು ಹೋದಳು. ಗೆರೆ ಕಪ್ಪಾಯಿತು. ಡ್ರಮ್ಮನ್ನು ಹೊರಗೆ ತೆಗೆದಾಗ ಪಟ್ಟಿ ಮೊದಲೇ ಮುಚ್ಚಿತ್ತು. ಅದು ಹೇಗೆ ಅಂತಲೂ ನಾನು ಯೋಚಿಸಲಿಲ್ಲ. ರಿಜಿಸ್ಟರಿನಲ್ಲಿ 'ಇಟ್ಟವರು' ಎಂಬ ಕಡೆ ಸಹಿಯನ್ನೂ ಹಾಕದೆ ಬಸ್ಸಿಗೆ ಓಡಿದೆ.

ಮರುದಿನ ಬಲಸಮುದ್ರದ ಕಡೆಯ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆ. ಅದೇ ಡ್ರಮ್ಮು ತೆರೆದೆವು, ಹೊಲಿಗೆಯೂ ಮುಗಿಯಿತು. ಉಳಿದ ಬಟ್ಟೆ ಎತ್ತುವಾಗ ಚೀಟಿ ಕೈಗೆ ಸಿಕ್ಕಿತು. ಡ್ರಮ್ಮು ತೆರೆದಾಗ ಮೊದಲು ನೋಡಬೇಕಾಗಿದ್ದದ್ದು ಅದನ್ನೇ. ಬಣ್ಣ ಒಂದಿಷ್ಟೂ ಬದಲಾಗಿರಲಿಲ್ಲ. ತೂತು ತೆರೆಯದೆಯೇ ಡ್ರಮ್ಮು ಇಟ್ಟಿದ್ದೆ.

ಡಾಕ್ಟರಿಗೆ ಹೇಳಿದೆ. ಅವರು ತಕ್ಷಣ ಬಾಣಂತಿಗೆ ಸೋಂಕಾಗದಂತೆ ಇಂಜೆಕ್ಷನ್ ಶುರುಮಾಡಿಸಿ, "ಡ್ರಮ್ ಇಟ್ಟಿದ್ಯಾರು?" ಅಂದರು.

"ಆಯಾ," ಅಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ಅದಕ್ಕೇ ಇನ್ನಷ್ಟು ನಾಚಿಕೆ.

ರಿಜಿಸ್ಟರಿಗೆ ಅವಳ ಸಹಿ ಹಾಕಿಸಿ ಅಂದರು. ಖಾಲಿ ಜಾಗದ ಮೇಲೆ ಬೆರಳಿಟ್ಟು ಅವಳ ಮುಂದೆ ಹಿಡಿದೆ. ಅವಳು ಪುಟ ನೋಡಿದಳು, ನನ್ನ ಮುಖ ನೋಡಿದಳು.

"ನೀವಿನ್ನೂ ಚಿಕ್ಕೋರು ಕಣಮ್ಮ. ನೌಕ್ರಿ ಮಾಡ್ಬೇಕಾದೋರು. ಎಲ್ಲಿ ಹಾಕ್ಬೇಕು, ತೋರ್ಸಿ."

ಅವಳಿಗೆ ಬರುತ್ತಿದ್ದದ್ದು ತೆಲುಗು ಅಕ್ಷರ ಮಾತ್ರ. ಒಂದೊಂದೇ ಅಕ್ಷರ ಕೂಡಿಸಿ ನಿಧಾನಕ್ಕೆ ಬರೆದಳು. ಮಾರನೆಯ ದಿನದಿಂದ ಅವಳ ಕೈಗೆ ಪೊರಕೆ ಬಂತು. ಆಟೋಕ್ಲೇವ್ ಕೋಣೆಯ ಹೊಸ್ತಿಲನ್ನು ಅವಳು ಮತ್ತೆ ದಾಟಲಿಲ್ಲ.

ಬಾಣಂತಿಗೆ ಜ್ವರ ಬರದಿದ್ದರೆ ನಿಜ ಹೇಳಿಬಿಡುತ್ತೇನೆಂದು ದೇವರಿಗೆ ಮಾತು ಕೊಟ್ಟಿದ್ದೆ. ಐದು ದಿನ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಹಿಡಿದು ನಿಂತೆ. ಜ್ವರ ಬರಲಿಲ್ಲ. ಹುಡುಗಿ ಮಗುವನ್ನೆತ್ತಿಕೊಂಡು ಮನೆಗೆ ಹೋದಳು. ನಾನು ಬಾಯಿ ಬಿಡಲಿಲ್ಲ.

ಆಯಾ ಕೆಲಸ ಬಿಟ್ಟು ಈಗ ಎಷ್ಟೋ ಕಾಲವಾಯಿತು. ಹೊಸದಾಗಿ ಬರುವ ನರ್ಸುಗಳಿಗೆ ಆಟೋಕ್ಲೇವ್ ಕಲಿಸುವವಳು ನಾನೇ. ಹೊರಗಿನ ಟೇಪನ್ನು ನಂಬಬೇಡಿ, ಒಳಗಿನ ಚೀಟಿ ನೋಡಿ ಅಂತ ಗದರಿಸಿ ಹೇಳುತ್ತೇನೆ. ಹೋದ ತಿಂಗಳು ಹಳೆಯ ರಿಜಿಸ್ಟರ್ ತಿರುವುತ್ತಿದ್ದ ಹುಡುಗಿಯೊಬ್ಬಳು ಆ ಪುಟದಲ್ಲಿ ನಿಂತಳು. ಪಕ್ಕದಲ್ಲಿ ಡಾಕ್ಟರು ಕೆಂಪು ಶಾಯಿಯಲ್ಲಿ 'ತೂತು ತೆರೆಯದೆ ಇಟ್ಟಿದೆ' ಎಂದು ಬರೆದದ್ದು ಇನ್ನೂ ಹಾಗೇ ಇತ್ತು.

"ಈ ತೆಲುಗು ಸೈನು ಯಾರ್ದು ಮೇಡಂ? ತೂತು ತೆಗೀದೆ ಇಟ್ಟಿದ್ದು ಇವ್ರೇನಾ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಿಜ ಹೇಳಿದರೂ ನಾನೀಗ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

"ಹೂಂ, ಮುಂಚೆ ಇದ್ದ ಆಯಾದು," ಅಂದೆ.