ಆಕಾಶಕ್ಕೊಂದು ವನ್ಸ್ ಮೋರ್

ಪುಟ್ಟಸ್ವಾಮಿ ಮೇಷ್ಟ್ರ ಕೊರಳಲ್ಲಿ ಟವೆಲ್ಲಿನ ಜೊತೆಗೆ ಯಾವಾಗಲೂ ಬಣ್ಣಬಣ್ಣದ ವೈರುಗಳು ನೇತಾಡುತ್ತಿದ್ದವು. ಹೊಸಬರು ಕರೆಂಟ್ ರಿಪೇರಿಯವರೆಂದು ತಿಳಿದು ಮನೆಗೆ ಕರೆದರೆ ಎಲ್ಲಿಲ್ಲದ ಕೋಪ. ಅಕ್ಕಿಹೆಬ್ಬಾಳಿನ ನಾವೆಲ್ಲ ಪೌರಾಣಿಕ ನಾಟಕ ಕಲಿತದ್ದು ಅವರ ಹಾರ್ಮೋನಿಯಂ ಮುಂದೆ. ನಾನು ಕಲಿತೆ ಎನ್ನುವುದು ದೊಡ್ಡ ಮಾತು. ನನ್ನ ಗಂಟಲು ಕೇಳಿದ ಮೇಷ್ಟ್ರು ಕೊನೆಯವರೆಗೂ ನನಗೆ ದ್ವಾರಪಾಲಕನ ಪಾತ್ರವನ್ನೇ ಕೊಟ್ಟರು.

ಅರವತ್ತು ದಾಟಿದ ಮೇಲೆ ಅವರಿಗೆ ಮಾಡ್ಯುಲರ್ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯದ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾರೋ ನುಡಿಸಿದ್ದನ್ನು ಕೇಳಿ, ಒಂದೊಂದೇ ಭಾಗವನ್ನು ಪಾರ್ಸೆಲ್ಲಿನಲ್ಲಿ ತರಿಸಿ ಜೋಡಿಸಿದರು. ಒಂದು ಸದ್ದು ಹುಟ್ಟಿಸುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಅದನ್ನು ಬಹಳ ದೂರದಿಂದ ಬಂದಂತೆ ಮಾಡುತ್ತದೆ. ವೈರು ಎಲ್ಲಿಂದೆಲ್ಲಿಗೆ ಸಿಕ್ಕಿಸುತ್ತೀರೋ ಅದೇ ಸಂಗೀತ. ಗುಂಯ್ ಎಂದು ಶುರುವಾಗಿ ಎಲ್ಲಿಗೋ ಹೋಗಿಬಿಡುತ್ತದೆ. ನಮ್ಮ ಬೋರ್‌ವೆಲ್ ಮೋಟರೂ ಇದನ್ನೇ ಹಾಡುತ್ತದೆ ಎಂದು ನಾನೊಮ್ಮೆ ರೇಗಿಸಿದೆ.

"ಸುಮ್ಕೆ ಕೂತ್ಕಂಡು ಕೇಳ್ಲಾ. ನಕ್ಸತ್ರದ ಮಧ್ಯ ಓಡಾಡ್ದಂಗೆ ಆಯ್ತದೆ. ಅಲ್ಲೇನು ಪಲ್ಲವಿ, ಚರಣ ಇಟ್ಕಂಡು ಕೂತವ್ರಾ?"

ಅವರ ಹೆಂಡತಿ ಜಯಮ್ಮನವರು ಒಳಗಿನಿಂದಲೇ, ನಕ್ಷತ್ರದ ಕಡೆ ಹೋದವರು ಬರುವಾಗ ಹಾಲು ತಂದರೆ ಸಾಕು ಎನ್ನುತ್ತಿದ್ದರು.

ಮೇಷ್ಟ್ರಿಗಿದ್ದ ಆಸೆ ಒಂದೇ. ನಮ್ಮ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಎಂದು ಕೂಗುತ್ತಾರೆ, ನಟ ಮತ್ತೆ ಹಾಡಲೇಬೇಕು. ಆಯುಷ್ಯವೆಲ್ಲ ಹಾರ್ಮೋನಿಯಂ ಒತ್ತಿದ್ದು ಇವರು, ವನ್ಸ್ ಮೋರ್ ಹೋದದ್ದೆಲ್ಲ ಕಿರೀಟ ಇಟ್ಟವರಿಗೆ. ತಮ್ಮ ಆಕಾಶದ ಸದ್ದಿಗೆ ಒಂದೇ ಒಂದು ಸಲ ಅದು ಸಿಗಬೇಕು ಎನ್ನುತ್ತಿದ್ದರು.

ಸಿಕ್ಕಿತು, ಪುಣ್ಯಾತ್ಮನಿಗೆ. ಶ್ರೀರಂಗಪಟ್ಟಣದಲ್ಲಿ ಹಗಲು ನಾಟಕ. ವಿಶ್ವರೂಪದ ದೃಶ್ಯಕ್ಕೆ ಯಂತ್ರ ಶುರು ಮಾಡಿದರು. ಸದ್ದು ನೆಲದೊಳಗಿಂದ ಎದ್ದು ಮೇಲಕ್ಕೆ ಹೋಗುತ್ತಲೇ ಇತ್ತು. ಕಡಲೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಈಟಿ ಹಿಡಿದು ನಿಂತಿದ್ದ ನನಗೂ ಮೈ ಜುಮ್ಮೆಂದಿತು. ಮುಗಿದ ಕೂಡಲೇ ಮೇಷ್ಟ್ರು ಮುಂದಿನ ದೃಶ್ಯಕ್ಕೆಂದು ವೈರುಗಳನ್ನೆಲ್ಲ ಸರಸರನೆ ಕಿತ್ತು ಕೊರಳಿಗೆ ಹಾಕಿಕೊಂಡರು. ಆಗ ಶುರುವಾಯಿತು ಹಿಂದಿನ ಸಾಲಿನಿಂದ, ವನ್ಸ್ ಮೋರ್, ವನ್ಸ್ ಮೋರ್! ಆ ಯಂತ್ರಕ್ಕೆ ನೆನಪೆಂಬುದಿಲ್ಲ. ವೈರು ಕಿತ್ತರೆ ಆ ಸದ್ದು ಹೋದಂತೆಯೇ. ಬೆವರುತ್ತಾ ಸಿಕ್ಕಿಸಿದರು, ತಿರುಗಿಸಿದರು. ಬಂದದ್ದು ನಮ್ಮ ಬೋರ್‌ವೆಲ್ ಮೋಟರು. ಜನ ಬಿದ್ದು ಬಿದ್ದು ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಕೊರಳಿನ ವೈರುಗಳ ಸಿಕ್ಕು ಬಿಡಿಸುತ್ತಾ ಕೂತಿದ್ದರು. ಪಾಂಡವಪುರ ದಾಟಿದ ಮೇಲೆ, "ಕೂಗಿದ್ದಂತೂ ನನ್ಗೇ ಅಲ್ವೇನ್ಲಾ?" ಎಂದರು. ನಿಮಗೇ ಮೇಷ್ಟ್ರೇ, ಎಂದೆ.

ಆಮೇಲೆ ತಿಂಗಳುಗಟ್ಟಲೆ ಆ ಸದ್ದನ್ನು ಹುಡುಕಿದರು. ಈ ಬೇಸಿಗೆಯ ಒಂದು ಮಧ್ಯಾಹ್ನ ನನ್ನನ್ನು ಕರೆಸಿ, ಸಿಕ್ಕಿತೆಂದು ಕೇಳಿಸಿದರು. ಅದೇ ಹೌದೋ ಅಲ್ಲವೋ ನನ್ನ ಕಿವಿಗೆ ತಿಳಿಯಲಿಲ್ಲ, ಅದೇ ಎಂದೆ. ಈ ಸಲ ವೈರು ಕೀಳಲಿಲ್ಲ. "ಯಾವನಾದ್ರೂ ಕೂಗುದ್ರೆ ಬೇಕಾಯ್ತದೆ, ಇರ್ಲಿ ಬುಡು," ಎಂದರು. ಮುಂದಿನ ವಾರ ಮೇಷ್ಟ್ರು ಹೋಗಿಬಿಟ್ಟರು.

ತಿಥಿಯ ಊಟ ಮುಗಿದ ಮೇಲೆ ಜಯಮ್ಮನವರು ತಾವೇ ಹೋಗಿ ಯಂತ್ರದ ಸ್ವಿಚ್ ಹಾಕಿದರು. ಸದ್ದು ಎದ್ದು ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಸ್ವಿಚ್ ಆರಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ನೀನೊಂದ್ಸಲ ಕೂಗು ಕಣಪ್ಪ. ನಂಗೆ ನಾಚ್ಕೆ ಆಯ್ತದೆ."

ಮೇಷ್ಟ್ರು ಯಾವುದಕ್ಕೂ ಬಾರದ್ದೆಂದು ತಳ್ಳಿಹಾಕಿದ್ದ ಗಂಟಲಿನಲ್ಲೇ ವನ್ಸ್ ಮೋರ್ ಎಂದು ಕೂಗಿದೆ. ಜಯಮ್ಮನವರು ಮತ್ತೆ ಸ್ವಿಚ್ ಹಾಕಿದರು.