ಬಳ್ಳಾರಿಯ ಬಿಸಿಲಿನಲ್ಲಿ ಒಂದು ತಣ್ಣನೆಯ ಕಣ್ಣು

ಸಿರುಗುಪ್ಪದ ಬಸ್ಸಿನಲ್ಲಿ ಮೊಣಕಾಲುಗಳ ನಡುವೆ ಕ್ಯಾನೊಂದನ್ನು ಇಟ್ಟುಕೊಂಡು ಕೂತವನನ್ನು ಜನ ಹಾಲಿನವನೆಂದೇ ತಿಳಿಯುತ್ತಾರೆ. ನನ್ನ ಕ್ಯಾನಿನಲ್ಲಿದ್ದದ್ದು ದ್ರವ ಸಾರಜನಕ. ಹೋರಿಯ ವೀರ್ಯ ಕೆಡದಂತೆ ಕಾಪಿಡುವ ಆ ಕೊರೆಯುವ ದ್ರವವನ್ನು ಅಲ್ಲಿನ ದನದ ಡಾಕ್ಟರನ್ನು ಕಾಡಿಬೇಡಿ ತರುತ್ತಿದ್ದೆ. "ಏನೈತ್ರಿ ಸರ ಅದರಾಗ?" ಎಂದು ಕೇಳಿದ ಕಂಡಕ್ಟರಿಗೆ "ಚಳಿ ಐತಪ್ಪ" ಎಂದರೆ, "ಈ ಬಿಸಲಾಗ ನಮಗೂ ಒಂದೀಟು ಕೊಡ್ರಲ್ಲ" ಎಂದು ನಕ್ಕಿದ್ದ.

ಅದು ಎಂಬತ್ತರ ದಶಕ. ನಾನು ಬಳ್ಳಾರಿ ಕಂಟೋನ್ಮೆಂಟಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬಾಹ್ಯಾಕಾಶದಿಂದ ನಕ್ಷತ್ರಗಳ ಶಾಖವನ್ನು ನೋಡಲಿದ್ದ ದೂರದರ್ಶಕಕ್ಕೆಂದು ನನ್ನ ಗುರುಗಳು ಒಂದು ಅವಗೆಂಪು ಸಂವೇದಕವನ್ನು ಪರೀಕ್ಷೆಗೆ ಕಳಿಸಿದ್ದರು: ಸಾಸಿವೆಗಿಂತ ತುಸು ದೊಡ್ಡ ಹರಳು, ಬೆಳಕಿನ ಬದಲು ಬಿಸಿಯನ್ನು ಕಾಣುವ ಕಣ್ಣು. ಸಾರಜನಕದಲ್ಲಿ ತಣ್ಣಗಿಟ್ಟರೆ ಮಾತ್ರ ಅದು ಸರಿಯಾಗಿ ನೋಡೀತು. ಪಾಸಾದರೆ ಅದು ಆಕಾಶಕ್ಕೆ, ನಾನು ಗುರುಗಳ ತಂಡಕ್ಕೆ. ಫೇಲಾದರೆ ಇಬ್ಬರಿಗೂ ಕಪಾಟೇ ಗತಿ.

ಕಪ್ಪು ಪ್ಲಾಸ್ಟಿಕ್ ಪರದೆಯ ಹಿಂದೆ ಏನೂ ಕಾಣದೆ ಸುಮ್ಮನಿರಬೇಕಾದ ಹರಳು ದಿನವೂ ಬೆಳಿಗ್ಗೆ ಅರ್ಧ ಗಂಟೆ ಮೀಟರಿನ ಮುಳ್ಳನ್ನು ಕುಣಿಸಿ, ಆಮೇಲೆ ತೆಪ್ಪಗಾಗುತ್ತಿತ್ತು. ತಂತಿ ಬದಲಿಸಿದೆ, ಬೆಸುಗೆ ಬಿಚ್ಚಿ ಹಾಕಿದೆ, ಹರಳಿಗೆ ಹತ್ತು ದಿನ ಬಾಯಿಗೆ ಬಂದಂತೆ ಬೈದೆ. ಕೊನೆಗೆ 'ಹಾರಿಸಲು ಯೋಗ್ಯವಲ್ಲ' ಎಂದು ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ.

ಅಂದು ಮುಳ್ಳು ಅಲುಗಲಿಲ್ಲ. ನಮ್ಮ ಪ್ರಯೋಗಾಲಯದ ಅಟೆಂಡರ್ ವೀರಭದ್ರಪ್ಪನವರು ಕುರುಗೋಡಿನ ಬಸ್ಸು ತಪ್ಪಿ ತಡವಾಗಿ ಬಂದರು. ಬಂದವರೇ ಎಂದಿನಂತೆ ಊದಿನಕಡ್ಡಿ ಹಚ್ಚಿ, ಪರದೆಯಾಚೆಯ ಗೋಡೆಯಲ್ಲಿದ್ದ ಶಿವನ ಪಟಕ್ಕೆ ಸಿಕ್ಕಿಸಿ ಕೈಮುಗಿದರು. ಮುಳ್ಳು ಕುಣಿಯಿತು. ಓಡಿಹೋಗಿ ಕಡ್ಡಿ ಕಿತ್ತು ಹೊರಗೊಯ್ದೆ, ಮುಳ್ಳು ಮಲಗಿತು.

ನಮ್ಮ ಕಡೆ ಊದಿನಕಡ್ಡಿ ಬೆಳಗದೆ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ನನಗೆ ಅದು ಎಷ್ಟು ರೂಢಿಯೆಂದರೆ ವಾಸನೆಯೂ ಮೂಗಿಗೆ ಹತ್ತುತ್ತಿರಲಿಲ್ಲ. ನಮ್ಮ ಕಣ್ಣಿಗೆ ಗೋಡೆಯಂತಿದ್ದ ಆ ತೆಳು ಪ್ಲಾಸ್ಟಿಕ್ಕು ಬಿಸಿಯ ಪಾಲಿಗೆ ತೆರೆದ ಕಿಟಕಿ; ಹರಳು ಅದರ ಮೂಲಕ ಕಡ್ಡಿಯ ತುದಿಯ ಕೆಂಡವನ್ನು ಕಾಣುತ್ತಿತ್ತು.

"ತಪ್ಪಾತೇನ್ರಿ ಸರ? ಯಂತ್ರಕ್ಕ ಚಲೋ ಆಗ್ಲಿ ಅಂತ ಹಚ್ತಿದ್ದೆ. ನಾಳಿಂದ ಬಿಡ್ತೀನ್ರಿ" ಎಂದರು ವೀರಭದ್ರಪ್ಪ, ಮುಖ ಸಣ್ಣದು ಮಾಡಿಕೊಂಡು.

"ಬಿಡಬ್ಯಾಡ್ರಿ, ಹೊರಗ ವರಾಂಡದಾಗ ಹಚ್ರಿ. ಇದರ ಕಣ್ಣು ಭಾಳ ಚಲೋ ಐತಿ" ಎಂದೆ. ಎದೆಯ ಮೇಲಿನ ಕಲ್ಲು ಇಳಿದ ಆ ಹಗುರ ಇಂದಿಗೂ ನೆನಪಿದೆ. ನಿಜ ಹೇಳುತ್ತಿದ್ದ ಹರಳನ್ನು ಹತ್ತು ದಿನ ಸುಳ್ಳುಗಾರನೆಂದಿದ್ದೆನಲ್ಲ. ಗೆಳೆಯರೇ, ಹೀಗೆ ನನ್ನಿಂದ ಬೈಸಿಕೊಂಡ ಮನುಷ್ಯರು ಇನ್ನೆಷ್ಟು ಮಂದಿಯೋ.

ಜೇಬಿನ ಪತ್ರ ಹರಿದೆ. ಹೊಸ ಹಾಳೆಯಲ್ಲಿ 'ಹಾರಿಸಬಹುದು' ಎಂದು ಬರೆದು, ನನ್ನ ಸಹಿಗಿಂತ ಮೊದಲು ವೀರಭದ್ರಪ್ಪನವರ ಸಹಿ ಹಾಕಿಸಿದೆ.