ಗೇಟಿನ ಕಾಕಾ, ಎರಡು ರಿಂಗು

ಅವರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಸುಟ್ಟ ಹಪ್ಪಳದ ಅಂಚಿನ ಹಾಗೆ ಕಪ್ಪಾಗಿತ್ತು. ಯಾವುದೋ ಕಾಲದಲ್ಲಿ ತಮ್ಮದೇ ಕಾರಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಆ ಹೆಬ್ಬೆರಳಿನಿಂದ ಅವರು ಗುರುತುಪರಿಚಯವಿಲ್ಲದವರ ಬೂಟಿನ ತಳ ಒತ್ತಿ ನೋಡುತ್ತಿದ್ದರು. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟಿನ ಗುಡ್ಡ ಹತ್ತುವ ದಾರಿ ಶುರುವಾಗುವಲ್ಲಿ, ಕಾರ್ ಪಾರ್ಕಿನ ಪಕ್ಕದ ಮರದ ಗೇಟಿನ ಬಳಿ, ಹಸಿರು ಜಾಕೆಟ್ಟು ತೊಟ್ಟ ಎಪ್ಪತ್ತರ ಆಸುಪಾಸಿನ ಈ ವಿಜಯಪುರದ ಮನುಷ್ಯ ನಿಂತಿರುತ್ತಿದ್ದರು. ಗುಡ್ಡದಲ್ಲಿ ಕಳೆದುಹೋದವರನ್ನು ಹುಡುಕಿ ತರುವ ತಂಡ ಬೇರೆ ಇತ್ತು. ಯಾರೂ ಕಳೆದುಹೋಗದ ಹಾಗೆ ಮೊದಲೇ ನೋಡಿಕೊಳ್ಳುವುದು ಇವರ ಕೆಲಸ. ವಾರಾಂತ್ಯದ ರೇಂಜರ್, ಸಂಬಳವಿಲ್ಲದ್ದು.

ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂದಿತ್ತು. ಮದುವೆ ಮುರಿದು, ಬೀಸ್ಟನ್ ಎಂಬ ಊರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದ ಮೊದಲ ಚಳಿಗಾಲ ಅದು. ಹುಬ್ಬಳ್ಳಿಯಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಶನಿವಾರ ಗೋಡೆ ನೋಡಿ ನೋಡಿ ತಲೆ ಕೆಟ್ಟು ರೈಲು ಹತ್ತಿದ್ದೆ. ಗುಡ್ಡಕ್ಕಾದರೂ ಯಾರ ಕಾಟವೂ ಇಲ್ಲದೆ ಹೋಗೋಣವೆಂದರೆ ಇಲ್ಲೊಬ್ಬರು ಕಾಲು ಎತ್ತು ಎನ್ನುತ್ತಿದ್ದಾರೆ!

"ಎಲ್ಲಿಂದ ಬಂತಪಾ ಈ ಕಾಟ," ಎಂದು ಕನ್ನಡದಲ್ಲೇ ಗೊಣಗಿದೆ.

"ವಿಜಯಪುರದಿಂದ ಬಂತವಾ," ಎಂದರು ಅವರು, ಬಗ್ಗಿದ ತಲೆ ಎತ್ತದೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಎದ್ದು ಮೊಣಕಾಲು ಒರೆಸಿಕೊಂಡರು. "ಬೂಟು ಛಲೋ ಅದಾವು. ನೀರದ, ಟಾರ್ಚ್ ಅದ. ಇಷ್ಟು ಹೇಳು ತಂಗಿ, ಸಂಜಿ ಆರಕ್ಕ ನೀ ಮನಿ ಮುಟ್ಟಲಿಲ್ಲಂದ್ರ ಯಾರಿಗೆ ಗೊತ್ತಾಗ್ತದ?"

"ಸೋಮವಾರ ನಾ ಕೆಲಸ ಮಾಡೂ ಲ್ಯಾಬಿನ್ಯಾಗ ಗೊತ್ತಾಗ್ತದ್ರೀ," ಎಂದೆ.

"ಸೋಮವಾರ," ಎಂದರು ಅವರು, ಮೆಲ್ಲಗೆ.

ಹಾಳಾದ ಕಣ್ಣು ಅವರ ಮುಂದೆಯೇ ತುಂಬಿಬಿಟ್ಟಿತು. ಅವರು ನೋಡದವರ ಹಾಗೆ ತಿರುಗಿ, ಗುಡ್ಡ ಹತ್ತುವವರಿಗೆ ಹಂಚುವ ಹವಾಮಾನದ ಚೀಟಿಯ ಹಿಂದೆ ತಮ್ಮ ನಂಬರು ಬರೆದುಕೊಟ್ಟರು. "ಮನಿ ಮುಟ್ಟಿದ ಕೂಡ್ಲೆ ಎರಡು ರಿಂಗ್ ಕೊಟ್ಟು ಕಟ್ ಮಾಡು. ನಾ ಎತ್ತೂದಿಲ್ಲ. ಮಾತಾಡೂದು ಬ್ಯಾಡ."

ಪುಕ್ಕಟೆ ಎಷ್ಟು ಬೇಕಾದರೂ ಮಾತಾಡಬಹುದಾದ ಈ ಕಾಲದಲ್ಲಿ ಮಿಸ್ಡ್ ಕಾಲ್! ನಗು ಬಂತು. ಆದರೂ ಆ ಸಂಜೆ ಕೊಟ್ಟೆ. ಅರೆಗಳಿಗೆಯಲ್ಲಿ ನನ್ನ ಫೋನೂ ಎರಡು ಸಲ ಬಡಿದು ಸುಮ್ಮನಾಯಿತು. ಅವರೂ ಮನೆ ಮುಟ್ಟಿದ್ದರು. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿದೆ.

ಮುಂದಿನ ವಸಂತಕ್ಕೆ ನನಗೂ ಒಂದು ಹಸಿರು ಜಾಕೆಟ್ಟು ಸಿಕ್ಕಿತು. ಆರು ವರ್ಷ ಅವರ ಪಕ್ಕದಲ್ಲಿ ನಿಂತೆ, ಕಾಕಾ ಎಂದು ಕರೆದೆ. ಕಾಕಾ ಯಾರಿಗೂ ಹೋಗಬೇಡಿ ಎಂದಿದ್ದನ್ನು ನಾನು ಕೇಳಿಲ್ಲ. "ಬ್ಯಾಡ ಅಂದ್ರ ಮಂದಿ ಹಟಕ್ಕ ಹೋಗ್ತಾರ. ಕೇಳಬೇಕವಾ. ಉತ್ತರ ಹೇಳ್ಕೋತ ಹೇಳ್ಕೋತ ಅವರಿಗೇ ತಿಳೀತದ."

ಒಮ್ಮೆ ಸೊಲಿಹಲ್ ಎಂಬ ಊರಲ್ಲಿ ನೆಲೆಸಿದ್ದ ಒಂದು ಬೆಂಗಳೂರಿನ ಸಂಸಾರ ಬಂತು. ಮಗ, ಸೊಸೆ, ಇಬ್ಬರು ಮಕ್ಕಳು, ಸಾಕ್ಸಿನ ಮೇಲೆ ಚಪ್ಪಲಿ ಹಾಕಿದ ಅಜ್ಜಿ. ಬಿಸಿಲಿತ್ತು. ಮೇಲೆ ಹೋಗಿ ಒಂದು ಫೋಟೋ ತೆಗೆದು ಬಂದುಬಿಡುತ್ತೇವೆ ಎಂದು ಮಗನ ವಾದ. ನಾನು ಹವಾಮಾನ ಹೇಳಿದೆ, ನಕ್ಷೆ ತೋರಿಸಿದೆ, ಆಸಾಮಿ ಜಗ್ಗಲಿಲ್ಲ. ಕಾಕಾ ಹೋಗಿ ಅಜ್ಜಿಯ ಮುಂದೆ ಬಗ್ಗಿ, ಚಪ್ಪಲಿಯ ತಳಕ್ಕೆ ಹೆಬ್ಬೆರಳಿಟ್ಟರು.

"ಅಯ್ಯಯ್ಯೋ, ಬಿಡಿ ಬಿಡಿ! ವಯಸ್ಸಾದೋರು, ನನ್ನ ಕಾಲು ಮುಟ್ತೀರಲ್ಲ!" ಅಜ್ಜಿ ಎರಡು ಹೆಜ್ಜೆ ಹಿಂದೆ ಹಾರಿದರು.

"ಮ್ಯಾಲೆ ಜಾರಿದ್ರ ನಿಮ್ಮನ್ನ ಹೊತ್ಕೊಂಡು ಇಳೀಬೇಕಾಗ್ತದ್ರೀ ಅಕ್ಕಾರ. ಅದಕಿಂತ ಈಗ ಕಾಲು ಮುಟ್ಟೂದು ಛಲೋ."

ಅಜ್ಜಿ ಅಲ್ಲೇ ಕಲ್ಲಿನ ಗೋಡೆಯ ಮೇಲೆ ಕೂತುಬಿಟ್ಟರು. "ನಾನು ಬರಲ್ಲಪ್ಪ, ನೀವು ಬೇಕಾದ್ರೆ ಹೋಗಿ." ಅಜ್ಜಿಯನ್ನು ಬಿಟ್ಟು ಯಾರು ಹೋಗುತ್ತಾರೆ! ಕಾಕಾ ಡಬ್ಬಿ ಬಿಚ್ಚಿ ಎಲ್ಲರಿಗೂ ಚುರುಮುರಿ ಹಂಚಿದರು. ಮಕ್ಕಳು "ಕ್ಯಾನ್ ವಿ ಹ್ಯಾವ್ ಮೋರ್?" ಎಂದು ಕೈಚಾಚಿದವು. ಅವರ ಕಾರು ಹೋಗಿ ಒಂದು ತಾಸಿಗೆ ಗುಡ್ಡವೇ ಕಾಣದಷ್ಟು ಮಂಜು ಇಳಿಯಿತು. ದಿನದ ವರದಿ ಬರೆದಿಡುವ ಪುಸ್ತಕದಲ್ಲಿ ಅಂದು ಕಾಕಾ ಬರೆದದ್ದು ಎಂದಿನ ಒಂದೇ ಸಾಲು: ಏನೂ ಆಗಲಿಲ್ಲ.

"ಇಷ್ಟೇನಾ ಕಾಕಾ?" ಎಂದು ರೇಗಿಸಿದೆ.

"ಆ ಅಕ್ಕಾರು ಈಗ ಮನ್ಯಾಗ ಚಾ ಕುಡಿಯಾಕತ್ತಿರ್ತಾರ. ಬದುಕಿಸಿದ್ವೋ ಇಲ್ಲೋ, ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಮ್ಮ ಕೆಲಸ ಇಂಥಾದ್ದು, ಯಾರೂ ಥ್ಯಾಂಕ್ಸ್ ಹೇಳೂದಿಲ್ಲ," ಎಂದು ನಕ್ಕರು.

ಹೆಂಡತಿ ತೀರಿಕೊಂಡ ಮೇಲೆ ಅವರೂ ಒಬ್ಬರೇ ಇದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು. ಕೇಳಿದರೆ ಮಾತು ತಿರುಗಿಸುತ್ತಿದ್ದರು. ಒಂದು ಭಾನುವಾರ ನಾನು ರಿಂಗ್ ಕೊಡುವುದನ್ನು ಮರೆತು ಸೋಫಾದ ಮೇಲೆ ನಿದ್ದೆ ಹೋದೆ. ಬಾಗಿಲು ಬಡಿದ ಸದ್ದಿಗೆ ಎದ್ದು ತೆಗೆದರೆ ಕಾಕಾ. ಅಷ್ಟು ದೂರದಿಂದ ಮಳೆಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದರು. ನನ್ನನ್ನು ನೋಡಿದ್ದೇ ಗೋಡೆಗೆ ಒರಗಿದರು.

"ಎರಡು ರಿಂಗ್ ಕೊಡಾಕ ಎಷ್ಟು ಹೊತ್ತು ಬೇಕವಾ ನಿನಗ?" ಎಂದರು. ಒಳಗೆ ಕರೆದರೂ ಬರಲಿಲ್ಲ, ಚಹಾ ಕೂಡ ಕುಡಿಯದೆ ಹೊರಟುಹೋದರು.

ಹೋದ ನವೆಂಬರಿನ ಒಂದು ಭಾನುವಾರ ನನ್ನನ್ನು ಸ್ಟೇಶನ್ನಿಗೆ ಬಿಟ್ಟು ಅವರು ಮನೆಗೆ ಹೋದರು. ನಾನು ಮುಟ್ಟಿ ರಿಂಗ್ ಕೊಟ್ಟೆ. ತಿರುಗಿ ಬರಲಿಲ್ಲ. ಸ್ನಾನಕ್ಕೆ ಹೋಗಿರಬೇಕು, ಅಕ್ಕಿ ಇಡುತ್ತಿರಬೇಕು ಎಂದು ಅರ್ಧ ತಾಸು ನನಗೆ ನಾನೇ ಸಬೂಬು ಹೇಳಿಕೊಂಡೆ. ಆಮೇಲೆ ಪೂರ್ತಿ ರಿಂಗ್ ಕೊಟ್ಟೆ, ಮೊಟ್ಟಮೊದಲ ಬಾರಿಗೆ. ಎತ್ತಲಿಲ್ಲ. ಪೊಲೀಸರಿಗೆ ಫೋನ್ ಮಾಡಿದೆ.

ಅವರು ಹೋಗಿ ನೋಡಿ ನನಗೆ ತಿಳಿಸಿದರು. ಕಾಕಾ ಅಡುಗೆಮನೆಯ ಕುರ್ಚಿಯಲ್ಲಿ ಕೂತಹಾಗೇ ಹೋಗಿಬಿಟ್ಟಿದ್ದರು. ಒಂದು ಬೂಟು ಬಿಚ್ಚಿತ್ತು, ಇನ್ನೊಂದು ಕಾಲಲ್ಲೇ ಇತ್ತು.

"ನೀವು ಮಗಳೇ?" ಎಂದು ಪೊಲೀಸಿನವನು ಕೇಳಿದ.

"ಅಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತಾಯಿತು?"

"ಫೋನು ಬರಲಿಲ್ಲ."

"ದಿನಾ ಈ ಹೊತ್ತಿಗೆ ಮಾತಾಡುತ್ತಿದ್ದಿರಾ?"

"ಇಲ್ಲ," ಎಂದೆ. "ಫೋನಿನಲ್ಲಿ ಒಂದು ದಿನವೂ ಮಾತಾಡಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಕಾಕಾ ಸೋಮವಾರದವರೆಗೆ ಆ ಕುರ್ಚಿಯಲ್ಲಿ ಕೂತಿರಬೇಕಾಗಲಿಲ್ಲ ಎಂದಷ್ಟೇ ಹೇಳಿಕೊಂಡು ಅತ್ತೆ.

ಈಗ ಗೇಟಿನಲ್ಲಿ ನಾನೊಬ್ಬಳೇ. ಬೂಟು ನೋಡುತ್ತೇನೆ, ಅದೇ ಪ್ರಶ್ನೆ ಕೇಳುತ್ತೇನೆ. ಒಬ್ಬೊಬ್ಬರೇ ಬರುವವರಲ್ಲಿ ಯಾರಾದರೂ ಉತ್ತರ ಹೊಳೆಯದೆ ಸುಮ್ಮನಾದರೆ ಚೀಟಿಯ ಹಿಂದೆ ನನ್ನ ನಂಬರು ಬರೆದುಕೊಡುತ್ತೇನೆ. ಹೆಚ್ಚಿನವರು ಮರೆಯುತ್ತಾರೆ. ಮನೆ ಮುಟ್ಟಿ, ಫೋನು ಮುಂದಿಟ್ಟುಕೊಂಡು ಕತ್ತಲಾಗುವವರೆಗೆ ಕಾಯುತ್ತೇನೆ. ಆ ಮಳೆಯಲ್ಲಿ ಕಾಕಾ ಏಕೆ ಬಂದರೆಂಬುದು ಹಾಗೆ ಕಾದು ಕೂತಾಗ ತಿಳಿಯಿತು.

ಆಮೇಲೆ ನನ್ನ ಬೂಟು ಬಿಚ್ಚುತ್ತೇನೆ. ಸಂಜಿ ಆರಕ್ಕ ನೀ ಮನಿ ಮುಟ್ಟಲಿಲ್ಲಂದ್ರ ಯಾರಿಗೆ ಗೊತ್ತಾಗ್ತದ? ಆರು ವರ್ಷ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು.